ವಿದೇಶಿ ಸಾಕುಪ್ರಾಣಿಗಳ ಆರೋಗ್ಯ: ಬೀದರ–ನೌಬಾದ ಸೀಮೆ

ದನ, ಎಮ್ಮೆ, ಆಡು, ಕುರಿ, ಕೋಳಿ, ನಾಯಿ, ಬೆಕ್ಕು ಇವಿಷ್ಟನ್ನು ಬಿಟ್ಟು ಮನೆಯಲ್ಲಿ ಪ್ರೀತಿಗಾಗಿ ಸಾಕುವ ಉಳಿದೆಲ್ಲ ಜೀವಿಗಳನ್ನು ಪಶುವೈದ್ಯರು ‘ಎಕ್ಸಾಟಿಕ್’ ಎಂಬ ಒಂದೇ ಗುಂಪಿಗೆ ಹಾಕುತ್ತಾರೆ. ಆಸ್ಟ್ರೇಲಿಯಾ ಮೂಲದ ಬಜರಿಗರ್ ಮತ್ತು ಕಾಕಟೀಲ್, ಆಫ್ರಿಕಾದ ಲವ್‌ಬರ್ಡ್ ಮತ್ತು ಬೂದು ಗಿಳಿ, ದಕ್ಷಿಣ ಅಮೆರಿಕದ ಸನ್ ಕನೂರ್, ಗಿನಿ ಪಿಗ್, ಇಗ್ವಾನಾ, ಯುರೋಪಿನ ಮೊಲ, ಉತ್ತರ ಅಮೆರಿಕದ ಕೆಂಪುಕಿವಿ ಆಮೆ, ಗಾಜಿನ ತೊಟ್ಟಿಯ ಬಣ್ಣದ ಮೀನು ಎಲ್ಲವೂ ಇದರೊಳಗೆ ಬರುತ್ತವೆ. ಇದು ಅನುಕೂಲಕ್ಕೆ ಮಾಡಿಕೊಂಡ ಗುಂಪೇ ಹೊರತು ಜೀವಶಾಸ್ತ್ರದ್ದಲ್ಲ. ಬಜರಿಗರ್‌ಗೂ ಆಮೆಗೂ ಇರುವ ದೂರ ಎತ್ತಿಗೂ ಬೆಕ್ಕಿಗೂ ಇರುವುದಕ್ಕಿಂತ ಎಷ್ಟೋ ಹೆಚ್ಚು. ಒಂದಕ್ಕೆ ಹೊಂದುವ ಔಷಧ ಇನ್ನೊಂದನ್ನು ಕೊಲ್ಲಬಹುದು. ಈ ಪ್ರಾಣಿಗಳ ಆರೈಕೆಯ ತೊಡಕೆಲ್ಲ ಇಲ್ಲಿಂದಲೇ ಆರಂಭವಾಗುತ್ತದೆ.

ಕರ್ನಾಟಕದ ಉತ್ತರ ತುದಿಯ ಬೀದರ ನಗರ, ಅದಕ್ಕೆ ಸೇರಿಕೊಂಡ ನೌಬಾದ, ಆಚೆಗಿನ ಭಾಲ್ಕಿ, ಔರಾದ ತಾಲ್ಲೂಕುಗಳು ಮೂಲತಃ ದನಕರುಗಳ ಸೀಮೆ. ಕಪ್ಪು ಬಿಳುಪು ಮಚ್ಚೆಯ ದೇವಣಿ ತಳಿಯ ದನ ಇಲ್ಲಿನ ಹೆಮ್ಮೆ. ಉಸ್ಮಾನಾಬಾದಿ ಆಡು ಇಲ್ಲಿನ ಬಡವರ ಬ್ಯಾಂಕು. ಈ ಊರುಗಳ ಮಾಳಿಗೆಗಳಿಗೆ ತಂತಿಪಂಜರ ಬಂದದ್ದು ಈಚಿನ ದಶಕಗಳಲ್ಲಿ. ಹತ್ತಿರದ ದೊಡ್ಡ ಪೇಟೆ ಹೈದರಾಬಾದು. ಅಲ್ಲಿ ಚಾರ್‌ಮಿನಾರ್ ಬಳಿಯ ಮೆಹಬೂಬ್ ಚೌಕ, ಜನರ ಬಾಯಲ್ಲಿ ‘ಮುರ್ಗಿ ಚೌಕ್’, ಹಕ್ಕಿ, ಮೊಲ, ಪಾರಿವಾಳಗಳ ಹಳೆಯ ಸಂತೆ.

ಹಿನ್ನೆಲೆ

ಹೊರಗಿನಿಂದ ತಂದ ಪ್ರಾಣಿಯನ್ನು ಈ ಹವೆಯಲ್ಲಿ ಬದುಕಿಸುವ ಕಷ್ಟ ಬೀದರಿಗೆ ಹೊಸದಲ್ಲ. ಬಹಮನಿ ಸುಲ್ತಾನರ ಕಾಲದಲ್ಲಿ ಕುದುರೆಯೇ ಇಲ್ಲಿನ ದುಬಾರಿ ವಿದೇಶಿ ಪ್ರಾಣಿ. ಅರಬಸ್ತಾನ, ಪರ್ಷಿಯಾಗಳಿಂದ ಹಡಗಿನಲ್ಲಿ ಬಂದ ಕುದುರೆಗಳು ಕೊಂಕಣದ ಬಂದರುಗಳಲ್ಲಿಳಿದು ಘಟ್ಟ ಹತ್ತಿ ಬರುತ್ತಿದ್ದವು. ರಷ್ಯಾದ ವರ್ತಕ ಅಫನಾಸಿ ನಿಕಿತಿನ್ 1470ರ ಸುಮಾರಿಗೆ ಬೀದರಿಗೆ ಬಂದಾಗ ಅವನ ಜೊತೆಗಿದ್ದದ್ದೂ ಮಾರಲು ತಂದ ಒಂದು ಗಂಡು ಕುದುರೆಯೇ. ಇಲ್ಲಿಯವರು ಕುದುರೆಗೆ ಕಾಳು ತಿನ್ನಿಸುವುದನ್ನೂ ಸಕ್ಕರೆ, ಎಣ್ಣೆ ಹಾಕಿ ಬೇಯಿಸಿದ ಖಿಚಡಿ ಕೊಡುವುದನ್ನೂ ಅವನು ಬೆರಗಿನಿಂದ ಬರೆದಿಟ್ಟಿದ್ದಾನೆ. ಬಂದ ಪ್ರಾಣಿಯ ಹೊಟ್ಟೆಗೆ ಒಗ್ಗುವುದನ್ನು ಹುಡುಕುವ ಬದಲು ನಮ್ಮ ಅಡುಗೆಯನ್ನೇ ತಿನ್ನಿಸುವ ಅಭ್ಯಾಸಕ್ಕೆ ಐದೂವರೆ ಶತಮಾನವಾದರೂ ಆಗಿದೆ ಎಂದಾಯಿತು.

ಅದಕ್ಕೂ ಹಿಂದೆ, ಈಗ ಬೀದರ ಜಿಲ್ಲೆಯ ಬಸವಕಲ್ಯಾಣವಾಗಿರುವ ಕಲ್ಯಾಣದಿಂದ ಆಳಿದ ಚಾಲುಕ್ಯರ ಮನೆತನದ ಕೀರ್ತಿವರ್ಮ ಕನ್ನಡದಲ್ಲಿ ‘ಗೋವೈದ್ಯ’ ಬರೆದ. ಮೂರನೆಯ ಸೋಮೇಶ್ವರ 12ನೆಯ ಶತಮಾನದ ಮೊದಲ ಭಾಗದಲ್ಲಿ ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಆನೆ, ಕುದುರೆಗಳ ಜೊತೆಗೆ ಮೀನು, ಹಕ್ಕಿಗಳ ವಿಷಯವೂ ಇದೆ. ಪಶುವೈದ್ಯ ಈ ನೆಲದಲ್ಲಿ ಬೇರುಬಿಟ್ಟ ವಿದ್ಯೆ. ಆದರೆ ಅದು ಬೆಳೆದದ್ದು ದೊಡ್ಡ ಪ್ರಾಣಿಯ ಸುತ್ತ.

ಇವತ್ತಿಗೂ ಬಹುಮಟ್ಟಿಗೆ ಅದೇ ಸ್ಥಿತಿ. 2004ರ ಕಾಯಿದೆಯಂತೆ ಸ್ಥಾಪನೆಯಾದ ಕರ್ನಾಟಕ ಪಶುವೈದ್ಯಕೀಯ, ಪಶು ಮತ್ತು ಮೀನುಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯದ ಕೇಂದ್ರ ಕಚೇರಿ ಇರುವುದು ಬೆಂಗಳೂರಿನಲ್ಲಲ್ಲ, ಬೀದರಿನ ನಂದಿನಗರದಲ್ಲಿ. ಅಲ್ಲಿಯೇ ಪಶುವೈದ್ಯಕೀಯ ಮಹಾವಿದ್ಯಾಲಯವೂ ಅದರ ಬೋಧನಾ ಆಸ್ಪತ್ರೆಯೂ ಇವೆ. ರಾಜ್ಯದ ಬೇರೆ ಜಿಲ್ಲೆಗಳಿಗೆ ಹೋಲಿಸಿದರೆ ನೌಬಾದದವರ ಭಾಗ್ಯ ದೊಡ್ಡದು. ಹಾಗೆಂದು, ತಾಲ್ಲೂಕಿನ ದನದ ದವಾಖಾನಿಯಲ್ಲಿ ದಿನವಿಡೀ ಕೆಚ್ಚಲುಬಾವು, ಗಬ್ಬದ ಪರೀಕ್ಷೆ, ಕಾಲುಬಾಯಿ ಲಸಿಕೆಯಲ್ಲಿ ಮುಳುಗಿರುವ ವೈದ್ಯರ ಮುಂದೆ 35 ಗ್ರಾಂ ತೂಕದ ಹಕ್ಕಿಯನ್ನಿಟ್ಟು ತಕ್ಷಣ ಉತ್ತರ ಬಯಸುವುದು ನ್ಯಾಯವಲ್ಲ. ರೋಗ ಗುರುತಿಸುವ ಮೊದಲ ಅರ್ಧ ಕೆಲಸ ಮನೆಯಲ್ಲಿಯೇ ಆಗಬೇಕು.

ರೋಗದ ಗುರುತು

ಎಮ್ಮೆ ಮೆಲುಕು ಹಾಕುವುದನ್ನು ಬಿಟ್ಟರೆ, ಹಿಂಡಿ ಮುಟ್ಟದೆ ನಿಂತರೆ, ಸಗಣಿ ಗಟ್ಟಿಯಾದರೆ ಔರಾದದ ಯಾವ ರೈತನಿಗೂ ಹೇಳಿಕೊಡಬೇಕಾಗಿಲ್ಲ. ಆ ಕಣ್ಣು ಅವನಿಗೆ ವರ್ಷಗಳ ಒಡನಾಟದಿಂದ ಬಂದದ್ದು. ಪಂಜರದ ಹಕ್ಕಿ, ಮೊಲಗಳಿಗೂ ಬೇಕಾದದ್ದು ಅದೇ ಕಣ್ಣು, ಆದರೆ ನೋಡಬೇಕಾದ ಜಾಗ ಬೇರೆ. ಈ ಪ್ರಾಣಿಗಳಲ್ಲಿ ಹೆಚ್ಚಿನವು ಕಾಡಿನಲ್ಲಿ ಬೇರೆಯವರ ಬಾಯಿಗೆ ಬೀಳುವ ಜಾತಿಯವು. ಸೊರಗಿದಂತೆ ಕಂಡದ್ದನ್ನೇ ಹದ್ದು, ನರಿ ಮೊದಲು ಹಿಡಿಯುವುದರಿಂದ ಅವು ಕಾಯಿಲೆಯನ್ನು ಕೊನೆಯವರೆಗೂ ಮುಚ್ಚಿಡುತ್ತವೆ. ‘ನಿನ್ನೆ ಚೆನ್ನಾಗಿತ್ತು, ಬೆಳಿಗ್ಗೆ ಸತ್ತಿತ್ತು’ ಎಂಬ ಮಾತು ಹಕ್ಕಿ ಸಾಕುವವರಲ್ಲಿ ತೀರಾ ಸಾಮಾನ್ಯ. ಬಹಳ ಸಲ ಅದು ನಿನ್ನೆಯೂ ಚೆನ್ನಾಗಿರುವುದಿಲ್ಲ. ಕಾಯಿಲೆ ವಾರಗಳಿಂದಲೇ ಇದ್ದು, ನೋಡುವವರ ಕಣ್ಣಿಗೆ ಬಿದ್ದಿರುವುದಿಲ್ಲ.

ಆದ್ದರಿಂದ ಕಣ್ಣಿಗಿಂತ ತಕ್ಕಡಿಯನ್ನು ನಂಬುವುದು ಮೇಲು. ಅಡುಗೆಮನೆಯ ಡಿಜಿಟಲ್ ತಕ್ಕಡಿ, ಒಂದು ಗ್ರಾಂ ತೋರಿಸುವಂಥದ್ದಾದರೆ ಸಾಕು. ಬಜರಿಗರ್ ಸಾಮಾನ್ಯವಾಗಿ 30ರಿಂದ 40 ಗ್ರಾಂ, ಕಾಕಟೀಲ್ 80ರಿಂದ 100 ಗ್ರಾಂ, ಆಫ್ರಿಕಾದ ಬೂದು ಗಿಳಿ 400ರಿಂದ 500 ಗ್ರಾಂ ತೂಗುತ್ತವೆ. ವಾರಕ್ಕೊಮ್ಮೆ, ಬೆಳಿಗ್ಗೆ ಮೇವು ಹಾಕುವ ಮೊದಲು ತೂಗಿ, ಒಂದು ವಹಿಯಲ್ಲಿ ತಾರೀಖಿನೊಂದಿಗೆ ಬರೆದಿಡಬೇಕು. ಹತ್ತನೇ ಒಂದು ಪಾಲು ತೂಕ ಇಳಿದರೆ, ಹಕ್ಕಿ ಎಷ್ಟೇ ಹಾಡುತ್ತಿರಲಿ, ವೈದ್ಯರಿಗೆ ತೋರಿಸಬೇಕು. ತಕ್ಕಡಿ ಇಲ್ಲದಿದ್ದರೆ ಎದೆಯ ನಡುವಿನ ಮೂಳೆಯನ್ನು ಬೆರಳಿನಿಂದ ಸವರಿ ನೋಡಬಹುದು. ಎರಡೂ ಬದಿಯ ಮಾಂಸ ಕರಗಿ ಮೂಳೆ ಚೂಪಾಗಿ ತಾಗಿದರೆ ಹಕ್ಕಿ ಬಹಳ ದಿನದಿಂದ ಸೊರಗುತ್ತಿದೆ ಎಂದೇ ಅರ್ಥ. ಗರಿ ಹೊದ್ದ ಮೈಯನ್ನು ಬರಿಗಣ್ಣಿನಿಂದ ನೋಡಿದರೆ ಇದು ಎಂದೂ ತಿಳಿಯುವುದಿಲ್ಲ.

ಎರಡನೆಯ ಗುರುತು ಹಿಕ್ಕೆ. ಆರೋಗ್ಯವಂತ ಹಕ್ಕಿಯ ಹಿಕ್ಕೆಯಲ್ಲಿ ಮೂರು ಭಾಗವಿರುತ್ತದೆ: ಹಸಿರು ಅಥವಾ ಕಂದು ಬಣ್ಣದ ಮಲ, ಸುಣ್ಣದಂಥ ಬಿಳಿ ಯೂರೇಟು, ಸುತ್ತ ಸ್ವಲ್ಪ ತಿಳಿನೀರು. ಬಿಳಿ ಭಾಗ ಹಳದಿ ಅಥವಾ ಗಿಳಿಹಸಿರಿಗೆ ತಿರುಗಿದರೆ ಯಕೃತ್ತಿನ ತೊಂದರೆಯ ಶಂಕೆ. ಜೀರ್ಣವಾಗದ ಇಡೀ ಕಾಳು ಹಾಗೆಯೇ ಹೊರಬಂದರೆ ಹೊಟ್ಟೆಯ ರೋಗ. ಬರೀ ನೀರು ಹೆಚ್ಚಾಗಿದ್ದರೆ ಮೊದಲು ಹಿಂದಿನ ದಿನ ಸೌತೆಕಾಯಿ, ಕಲ್ಲಂಗಡಿ ತಿಂದಿತ್ತೇ ಎಂದು ನೆನಪಿಸಿಕೊಳ್ಳಬೇಕು, ಗಾಬರಿ ಆಮೇಲೆ. ಪಂಜರದ ತಟ್ಟೆಗೆ ಮರಳು ಅಥವಾ ಹೊಟ್ಟು ಹಾಕುವ ಬದಲು ಹಳೆಯ ಪೇಪರು ಹಾಸಿದರೆ ಈ ಪರೀಕ್ಷೆ ದಿನಕ್ಕೆ ಒಂದು ನಿಮಿಷದ ಕೆಲಸ.

ಮೂರನೆಯದು ನಿಲುವು ಮತ್ತು ಉಸಿರು. ಚಳಿ ಇಲ್ಲದ ಹೊತ್ತಿನಲ್ಲೂ ಗರಿ ಉಬ್ಬಿಸಿಕೊಂಡು ಕೂರುವುದು, ಹಗಲಲ್ಲೂ ಕಣ್ಣು ಮುಚ್ಚುವುದು, ಕೊಂಬೆ ಬಿಟ್ಟು ಪಂಜರದ ತಳಕ್ಕೆ ಇಳಿಯುವುದು, ಪ್ರತಿ ಉಸಿರಿಗೂ ಬಾಲ ಮೇಲೆ ಕೆಳಗೆ ಆಡುವುದು. ಕೊನೆಯ ಎರಡು ಕಂಡರೆ ‘ನಾಳೆ ನೋಡೋಣ’ ಎನ್ನುವ ಹೊತ್ತು ಮೀರಿದೆ.

ಪಕ್ಷಿಗಳು

ಇಲ್ಲಿನ ಅಂಗಡಿಗಳಲ್ಲಿ ಲವ್‌ಬರ್ಡ್ಸ್ ಎಂದು ಜೋಡಿ ಲೆಕ್ಕದಲ್ಲಿ ಮಾರುವ ಹಕ್ಕಿ ಹೆಚ್ಚಾಗಿ ಬಜರಿಗರ್. ಅದಕ್ಕೆ ಹಾಕುವ ಮೇವು ನವಣೆ, ಇಲ್ಲವೆ ಸಜ್ಜೆ, ಜೊತೆಗೆ ಸೂರ್ಯಕಾಂತಿ ಬೀಜ. ಕಾಳು ಮಾತ್ರ ತಿಂದು ಬೆಳೆದ ಹಕ್ಕಿಗೆ ಎ ಜೀವಸತ್ವ ಮತ್ತು ಸುಣ್ಣದ ಕೊರತೆ ಖಚಿತ. ಮೂಗಿನ ಹೊಳ್ಳೆ ಕಟ್ಟುವುದು, ಕಣ್ಣು ಊದುವುದು, ಪದೇ ಪದೇ ಉಸಿರಿನ ಸೋಂಕು ಇವೆಲ್ಲ ಆ ಕೊರತೆಯ ಮುಖಗಳು. ಪರಿಹಾರಕ್ಕೆ ಪೇಟೆಯ ಡಬ್ಬಿ ಹುಡುಕಬೇಕಾಗಿಲ್ಲ. ನುಗ್ಗೆ ಸೊಪ್ಪು, ಮೆಂತ್ಯೆ, ಕೊತ್ತಂಬರಿ, ಗಜ್ಜರಿ ತೊಳೆದು ಹಾಕಿದರೆ ಆಯಿತು. ಸುಣ್ಣಕ್ಕೆ ಪಂಜರದಲ್ಲಿ ಸಮುದ್ರ ನೊರೆಯ ತುಂಡು ಸಿಕ್ಕಿಸುವ ರೂಢಿ ಒಳ್ಳೆಯದೇ. ಬೆಣ್ಣೆಹಣ್ಣು, ಚಾಕೊಲೇಟು, ಚಹಾ ಕೊಡಲೇಬಾರದು. ಬೆಣ್ಣೆಹಣ್ಣಿನಲ್ಲಿರುವ ಪರ್ಸಿನ್ ಎಂಬ ವಸ್ತು ಹಕ್ಕಿಯ ಹೃದಯವನ್ನೇ ಹಿಡಿಯುತ್ತದೆ.

ಮೇವಿನ ಬಟ್ಟಲು ತುಂಬಿದೆ ಎಂದು ನಂಬಿ ಹಸಿವಿನಿಂದ ಹಕ್ಕಿ ಕಳೆದುಕೊಂಡ ಮನೆಗಳಿವೆ. ಬಜರಿಗರ್ ಕಾಳಿನ ಸಿಪ್ಪೆ ಬಿಡಿಸಿ ತಿರುಳು ತಿಂದು ಹೊಟ್ಟನ್ನು ಅದೇ ಬಟ್ಟಲಿಗೆ ಉದುರಿಸುತ್ತದೆ. ಮೇಲಿಂದ ನೋಡಿದರೆ ಬಟ್ಟಲು ಭರ್ತಿ. ದಿನವೂ ಒಮ್ಮೆ ಊದಿ ನೋಡಿದರೆ ನಿಜ ತಿಳಿಯುತ್ತದೆ. ಇದಕ್ಕೆ ತದ್ವಿರುದ್ಧ ಸಂಗತಿಯೂ ಉಂಟು. ಹಕ್ಕಿ ಇಡೀ ದಿನ ಬಟ್ಟಲಿನ ಮುಂದೆಯೇ ಇದ್ದು ತಿನ್ನುತ್ತಲೇ ಸೊರಗುತ್ತದೆ. ಜಠರದಲ್ಲಿ ಬೆಳೆಯುವ ಮ್ಯಾಕ್ರೋರ‍್ಯಾಬ್ಡಸ್ ಎಂಬ ಶಿಲೀಂಧ್ರ ಇದಕ್ಕೆ ಪ್ರಸಿದ್ಧ ಕಾರಣ. ತಾಜಾ ಹಿಕ್ಕೆಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ಪತ್ತೆ ಮಾಡುತ್ತಾರೆ. ಮನೆಮದ್ದಿಗೆ ಇದು ಬಗ್ಗುವುದಿಲ್ಲ.

ಕೊಕ್ಕಿನ ಸುತ್ತ, ಕಣ್ಣಿನ ಅಂಚಿಗೆ, ಕಾಲಿಗೆ ಜೇನುಹಟ್ಟಿಯಂತೆ ತೂತುತೂತಾದ ಬೂದು ಹಕ್ಕಳೆ ಕಟ್ಟಿದರೆ ಅದು ನೆಮಿಡೋಕಾಪ್ಟಿಸ್ ಎಂಬ ನುಸಿಯ ಕೆಲಸ. ಐವರ್‌ಮೆಕ್ಟಿನ್‌ನ ಹನಿಗೆ ಸುಲಭವಾಗಿ ವಾಸಿಯಾಗುತ್ತದೆ. ಆದರೆ ದನಕ್ಕೆ ಕೊಡುವ ಅದೇ ಬಾಟಲಿಯಿಂದ ಅಂದಾಜಿಗೆ ತೆಗೆದು ಹಚ್ಚಿದರೆ ಹಕ್ಕಿ ಉಳಿಯದು. ಸೀಮೆಎಣ್ಣೆ ಹಚ್ಚುವ ಪದ್ಧತಿಯಂತೂ ರೋಗಕ್ಕಿಂತ ಕ್ರೂರ.

ವರ್ಷವಿಡೀ ಪಂಜರದಲ್ಲಿ ಮಡಕೆ ಕಟ್ಟಿಟ್ಟು ಮರಿ ಮಾಡಿಸುವ ಆಸೆ ಹೆಣ್ಣು ಹಕ್ಕಿಯ ಜೀವಕ್ಕೆ ಎರವಾಗುತ್ತದೆ. ಸುಣ್ಣ ಬರಿದಾದಾಗ ಮೊಟ್ಟೆ ಹೊಟ್ಟೆಯಲ್ಲಿಯೇ ಸಿಕ್ಕಿಕೊಳ್ಳುತ್ತದೆ. ಕಾಲಗಲಿಸಿ ತಳದಲ್ಲಿ ಕೂತು ಮುಕ್ಕುವ ಹಕ್ಕಿಯನ್ನು ಬೆಚ್ಚಗಿನ ಡಬ್ಬಿಯಲ್ಲಿಟ್ಟು ಅದೇ ದಿನ ಆಸ್ಪತ್ರೆಗೆ ಒಯ್ಯಬೇಕು. ಮೊಟ್ಟೆಯನ್ನು ಬೆರಳಿನಿಂದ ಒತ್ತಿ ತೆಗೆಯಲು ಹೋದರೆ ಅದು ಒಳಗೇ ಒಡೆಯುತ್ತದೆ. ವರ್ಷಕ್ಕೆ ಎರಡು ಸಲಕ್ಕಿಂತ ಹೆಚ್ಚು ಮರಿ ಮಾಡಿಸದೆ ಮಡಕೆ ತೆಗೆದಿಡುವುದು ಬಲ್ಲವರ ಕ್ರಮ.

ಸನ್ ಕನೂರ್‌ನಂಥ ದುಬಾರಿ ಹಕ್ಕಿಯನ್ನು ಇನ್ನೂ ತಾನಾಗಿ ತಿನ್ನಲು ಬಾರದ ಮರಿಯಾಗಿರುವಾಗಲೇ ಮಾರುವ ಚಾಳಿ ಹೆಚ್ಚಿದೆ. ಕೈತುತ್ತು ಉಣ್ಣಿಸಿದರೆ ಹೊಂದಿಕೊಳ್ಳುತ್ತದೆ ಎಂಬ ಮಾತು ಮಾರುವವನಿಗೆ ಲಾಭದ್ದು. ಕಲಸಿದ ಮೇವು 38ರಿಂದ 41 ಡಿಗ್ರಿ ಸೆಲ್ಸಿಯಸ್‌ನೊಳಗೆ ಇರಬೇಕು. ಅದಕ್ಕಿಂತ ಬಿಸಿಯಾದರೆ ಗಂಟಲ ಚೀಲ ಸುಟ್ಟು ತೂತಾಗುತ್ತದೆ, ತಣ್ಣಗಾದರೆ ಅಲ್ಲಿಯೇ ಹುಳಿತು ಕೂರುತ್ತದೆ. ಥರ್ಮಾಮೀಟರ್ ಇಲ್ಲದ ಮನೆಗೆ ಇಂಥ ಮರಿ ತರದಿರುವುದೇ ಲೇಸು.

ಹಕ್ಕಿಯ ಪುಪ್ಪುಸದ ಜೊತೆಗೆ ಮೈಯೊಳಗೆ ಹರಡಿದ ಗಾಳಿಚೀಲಗಳಿರುತ್ತವೆ. ಒಂದೊಂದು ಉಸಿರಿನಿಂದಲೂ ಅದು ನಮಗಿಂತ ಹೆಚ್ಚು ಹೀರಿಕೊಳ್ಳುತ್ತದೆ, ಆಮ್ಲಜನಕವನ್ನೂ ವಿಷವನ್ನೂ. ಬ್ರಿಟನ್ನಿನ ಕಲ್ಲಿದ್ದಲ ಗಣಿಗಳಲ್ಲಿ ವಿಷಗಾಳಿ ಪತ್ತೆಗೆ ಕೆನರಿ ಹಕ್ಕಿಯನ್ನು 1986ರವರೆಗೂ ಇಟ್ಟುಕೊಂಡಿದ್ದು ಇದಕ್ಕಾಗಿಯೇ. ನಮ್ಮ ಮನೆಗಳಲ್ಲಿ ಊದಿನಕಡ್ಡಿ, ಲೋಬಾನದ ಹೊಗೆ, ಸೊಳ್ಳೆ ಕಾಯಿಲ್, ಒಗ್ಗರಣೆಯ ಘಾಟು ಎಲ್ಲವೂ ಅದರ ಎದೆಗೆ ಹೋಗುತ್ತವೆ. ಅತಿಯಾಗಿ ಕಾದ ನಾನ್‌ಸ್ಟಿಕ್ ತವೆಯ ಹೊಗೆಯಂತೂ ನಿಮಿಷಗಳಲ್ಲಿ ಕೊಲ್ಲುತ್ತದೆ. ಪಂಜರ ಅಡುಗೆಮನೆಯಲ್ಲೂ ದೇವರ ಕೋಣೆಯ ಬಾಗಿಲಲ್ಲೂ ಇರಬಾರದು.

ಮೊಲ, ಗಿನಿ ಪಿಗ್

ಮೊಲದ ವಿಷಯದಲ್ಲಿ ಒಂದೇ ಒಂದು ಸೂತ್ರ ನೆನಪಿಟ್ಟರೂ ಸಾಕು: ಹನ್ನೆರಡು ಗಂಟೆ ತಿನ್ನದೆ, ಹಿಕ್ಕೆ ಹಾಕದೆ ಇರುವ ಮೊಲ ಸಾವಿನ ದಾರಿಯಲ್ಲಿದೆ. ಅದರ ಕರುಳು ಸದಾ ಚಲಿಸುತ್ತಿರಬೇಕು. ನಾರು ಕಡಿಮೆಯಾದರೆ, ಹೆದರಿದರೆ, ನೋವಿದ್ದರೆ ಕರುಳು ನಿಲ್ಲುತ್ತದೆ, ಗಾಳಿ ತುಂಬುತ್ತದೆ. ಮೊಲಕ್ಕೆ ವಾಂತಿ ಮಾಡಲು ಬಾರದು. ಬೆಳಿಗ್ಗೆ ಗೂಡು ಗುಡಿಸುವಾಗ ಹಿಕ್ಕೆ ಚಿಕ್ಕದಾಗಿದೆಯೇ, ಕಡಿಮೆಯಿದೆಯೇ ಎಂದು ನೋಡುವುದೇ ಅತ್ಯುತ್ತಮ ತಪಾಸಣೆ. ರಾತ್ರಿ ಹೊತ್ತು ಮೊಲ ಹಾಕುವ ಮೆತ್ತನೆಯ, ದ್ರಾಕ್ಷಿಗೊನೆಯಂಥ ಹಿಕ್ಕೆಯನ್ನು ಅದೇ ತಿನ್ನುವುದನ್ನು ಕಂಡು ಹೇಸಬೇಕಾಗಿಲ್ಲ. ಅದರಲ್ಲಿ ಪ್ರೋಟೀನು, ಬಿ ಜೀವಸತ್ವಗಳಿವೆ. ತಿನ್ನದೆ ಬಿಟ್ಟರೆ ಆಗ ಚಿಂತಿಸಬೇಕು.

ಮೇವಿನಲ್ಲಿ ಐದರಲ್ಲಿ ನಾಲ್ಕು ಪಾಲು ಒಣಹುಲ್ಲು ಇರಬೇಕು. ಅದೇ ಹಲ್ಲಿಗೂ ಮದ್ದು. ಮೊಲದ ಹಲ್ಲು ಜೀವನಪೂರ್ತಿ ಬೆಳೆಯುತ್ತದೆ, ಹುಲ್ಲು ಅರೆದು ಅರೆದು ಸವೆಯುತ್ತದೆ. ಗಜ್ಜರಿ, ಚಪಾತಿ, ಬಿಸ್ಕತ್ತು ತಿಂದು ಬೆಳೆದ ಮೊಲದ ದವಡೆಹಲ್ಲು ಓರೆಯಾಗಿ ಬೆಳೆದು ನಾಲಿಗೆಗೆ ಚುಚ್ಚುತ್ತದೆ. ಜೊಲ್ಲಿನಿಂದ ಗದ್ದ ಸದಾ ಒದ್ದೆಯಾಗಿದ್ದರೆ ಹಲ್ಲು ನೋಡಿಸಬೇಕು. ಬೀದರಿನಲ್ಲಿ ಸುಲಭಕ್ಕೆ ಸಿಗುವ ಜೋಳದ ಕಣಕಿ ಮೊಲಕ್ಕೆ ತೀರಾ ಒರಟು. ಎಳೆ ಜೋಳದ ಪೈರಿನಲ್ಲಂತೂ ದನವನ್ನೇ ಕೆಡಹುವ ಸಯನೈಡ್ ಅಂಶವಿರುತ್ತದೆ. ಕುದುರೆ ಮೆಂತ್ಯೆ ಮರಿಗಳಿಗೆ ಒಳ್ಳೆಯದು. ಬೆಳೆದ ಮೊಲಕ್ಕೆ ದಿನವೂ ಹಾಕಿದರೆ ಹೆಚ್ಚಿನ ಸುಣ್ಣ ಮೂತ್ರಕೋಶದಲ್ಲಿ ಕೆಸರಾಗಿ ನಿಲ್ಲುತ್ತದೆ.

ಈ ಕಡೆಯ ಮನೆಗಳ ಶಹಾಬಾದ ಫರ್ಸಿ ನೆಲ ಬೇಸಿಗೆಯಲ್ಲಿ ತಂಪು. ಆದರೆ ನುಣುಪು. ಅದರ ಮೇಲೆ ಮೊಲದ ಕಾಲು ಜಾರುತ್ತದೆ. ತಂತಿಜಾಲರಿಯ ತಳವೂ ಕೆಡುಕೇ, ಹಿಂಗಾಲಿನ ಹಿಮ್ಮಡಿಯ ಕೂದಲು ಉದುರಿ ಹುಣ್ಣಾಗುತ್ತದೆ. ಫರ್ಸಿಯ ಮೇಲೆ ಗೋಣಿಚೀಲ ಹಾಸಿದರೆ ಎರಡೂ ತಪ್ಪುತ್ತದೆ. ಕಿವಿ ಕೆರೆದುಕೊಳ್ಳುತ್ತ ತಲೆ ಕೊಡವುವ ಮೊಲದ ಕಿವಿಯೊಳಗೆ ಕಂದು ಹಕ್ಕಳೆ ಕಂಡರೆ ಅದು ನುಸಿ. ಹಕ್ಕಳೆ ಕೀಳಬಾರದು, ಕೆಳಗೆ ಹಸಿ ಗಾಯವಿರುತ್ತದೆ. ನಾಯಿಗೆ ಹಾಕುವ ಫಿಪ್ರೊನಿಲ್ ಹನಿ ಮೊಲಕ್ಕೆ ವಿಷ.

ಗಿನಿ ಪಿಗ್‌ಗೆ ಮನುಷ್ಯರಂತೆಯೇ ಸಿ ಜೀವಸತ್ವವನ್ನು ಮೈಯಲ್ಲಿ ತಯಾರಿಸಿಕೊಳ್ಳಲು ಬಾರದು. ಎರಡು ಮೂರು ವಾರ ಸಿಗದಿದ್ದರೆ ಕೀಲು ಊದಿ, ನಡೆಯಲು ಹಿಂಜರಿದು, ಮುಟ್ಟಿದರೆ ಚೀರುತ್ತದೆ. ದೊಣ್ಣೆ ಮೆಣಸಿನಕಾಯಿ, ಕೊತ್ತಂಬರಿ, ಪೇರಲದ ಒಂದು ತುಂಡು ದಿನವೂ ಸಿಕ್ಕರೆ ಈ ರೋಗ ಹತ್ತಿರ ಸುಳಿಯದು. ನೀರಿನಲ್ಲಿ ಸಿ ಮಾತ್ರೆ ಕರಗಿಸಿಡುವುದರಿಂದ ಪ್ರಯೋಜನ ಕಡಿಮೆ, ಗಂಟೆಗಳಲ್ಲಿ ಅದರ ಸತ್ವ ಹೋಗುತ್ತದೆ.

ಮೊಲ, ಗಿನಿ ಪಿಗ್, ಹ್ಯಾಮ್‌ಸ್ಟರ್ ಮೂರಕ್ಕೂ ಅನ್ವಯಿಸುವ ಎಚ್ಚರಿಕೆ: ಔಷಧ ಅಂಗಡಿಯಿಂದ ಅಮಾಕ್ಸಿಸಿಲಿನ್, ಆಂಪಿಸಿಲಿನ್ ತಂದು ಬಾಯಿಗೆ ಹಾಕಬಾರದು. ಅವು ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾಗಳನ್ನು ಕೊಂದು ವಿಷಕಾರಿ ಕ್ಲಾಸ್ಟ್ರಿಡಿಯಂಗೆ ದಾರಿ ಬಿಡುತ್ತವೆ. ಕೆಲವೇ ದಿನಗಳಲ್ಲಿ ಭೇದಿಯಾಗಿ ಪ್ರಾಣಿ ಸಾಯುತ್ತದೆ. ಸತ್ತದ್ದು ಮೊದಲಿನ ಕಾಯಿಲೆಯಿಂದ ಎಂದೇ ಮನೆಯವರು ತಿಳಿದಿರುತ್ತಾರೆ.

ಆಮೆ, ಇಗ್ವಾನಾ

ಕೆಂಪುಕಿವಿ ಆಮೆಯನ್ನು ಐದು ರೂಪಾಯಿ ನಾಣ್ಯದಷ್ಟಿರುವಾಗ ಕೊಂಡು ತರುತ್ತಾರೆ. ಅದು ತಟ್ಟೆಯಷ್ಟು ಅಗಲವಾಗಿ, ಇಪ್ಪತ್ತು ಮೂವತ್ತು ವರ್ಷ ಬದುಕಬಲ್ಲದೆಂದು ಯಾರೂ ಹೇಳಿರುವುದಿಲ್ಲ. ಮರಿಯಲ್ಲಿ ಕಾಣುವ ಮುಖ್ಯ ರೋಗಗಳು ಮೂರು. ಕಣ್ಣುರೆಪ್ಪೆ ಊದಿ ಮುಚ್ಚಿಕೊಂಡರೆ ಎ ಜೀವಸತ್ವದ ಕೊರತೆ. ನೀರಿನಲ್ಲಿ ಒಂದು ಪಕ್ಕಕ್ಕೆ ವಾಲಿ ತೇಲುತ್ತ, ಮೂಗಿನಲ್ಲಿ ಗುಳ್ಳೆ ಬಂದರೆ ನ್ಯುಮೋನಿಯ. ಚಿಪ್ಪು ಒತ್ತಿದರೆ ಬಗ್ಗುವಷ್ಟು ಮೆತ್ತಗಿದ್ದರೆ ಸುಣ್ಣದ ಮತ್ತು ಬಿಸಿಲಿನ ಕೊರತೆ.

ಈ ಕೊನೆಯದು ಇಗ್ವಾನಾಕ್ಕೂ ಇದೆ. ದವಡೆ ರಬ್ಬರಿನಂತಾಗುವುದು, ತೊಡೆ ಊದಿಕೊಳ್ಳುವುದು, ಬೆರಳು ಅದುರುವುದು ಅದರ ಗುರುತು. ಊದಿದ ತೊಡೆಯನ್ನು ನೋಡಿ ‘ಚೆನ್ನಾಗಿ ಮೈ ಹಿಡಿದಿದೆ’ ಎಂದುಕೊಳ್ಳುವವರಿದ್ದಾರೆ. ಸರೀಸೃಪದ ಚರ್ಮಕ್ಕೆ ಸೂರ್ಯನ ನೇರಳಾತೀತ ಬಿ ಕಿರಣ ತಾಗಿದಾಗ ಮಾತ್ರ ಡಿ3 ಜೀವಸತ್ವ ತಯಾರಾಗಿ ಮೂಳೆಗೆ ಸುಣ್ಣ ಹತ್ತುತ್ತದೆ. ಕಿಟಕಿಯ ಗಾಜು ಆ ಕಿರಣವನ್ನು ತಡೆಯುತ್ತದೆ. ಹಾಗಾಗಿ ಗಾಜಿನೊಳಗಿನ ಬಿಸಿಲು ಬರೀ ಕಾವು. ಚಳಿದೇಶಗಳಲ್ಲಿ ಇದಕ್ಕಾಗಿ ದುಬಾರಿ ದೀಪ ಹಾಕುತ್ತಾರೆ, ಅದನ್ನೂ ಆರು ತಿಂಗಳಿಂದ ವರ್ಷದೊಳಗೆ ಬದಲಿಸಬೇಕು. ಬೀದರಿನಲ್ಲಿ ಬಿಸಿಲಿಗೆ ಬರವಿಲ್ಲ. ಬೆಳಗಿನ ಎಳೆಬಿಸಿಲಿನಲ್ಲಿ ಅರ್ಧ ಗಂಟೆ, ಪಕ್ಕದಲ್ಲಿ ನೆರಳು ಇರುವಂತೆ ಇಟ್ಟರೆ ಸಾಕು. ಗಾಜಿನ ತೊಟ್ಟಿಯ ಸಮೇತ ಬಿಸಿಲಿಗಿಟ್ಟರೆ ಪ್ರಾಣಿ ಬೇಯುತ್ತದೆ.

ಬೇಸತ್ತ ಮೇಲೆ ಆಮೆಯನ್ನು ಕೆರೆಗೋ ಕಾರಂಜಾ ಜಲಾಶಯಕ್ಕೋ ಬಿಡುವುದು ದಯೆಯಂತೆ ಕಂಡರೂ ಅಪಾಯಕಾರಿ. ಲೋಕದ ಅತಿಕೆಟ್ಟ ನೂರು ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿ ಈ ಆಮೆಯಿದೆ. ನಮ್ಮ ಆಮೆಗಳ ಜಾಗವನ್ನೂ ಮೇವನ್ನೂ ಅದು ಕಿತ್ತುಕೊಳ್ಳುತ್ತದೆ.

ಮೀನು

ಮೀನಿನ ರೋಗಕ್ಕೆ ಮದ್ದು ಹುಡುಕುವ ಮೊದಲು ನೀರು ನೋಡಬೇಕು. ನಳದ ನೀರಿನ ಕ್ಲೋರಿನ್ ಕಿವಿರು ಸುಡುತ್ತದೆ. ಒಂದು ದಿನ ತೆರೆದಿಟ್ಟು, ಇಲ್ಲವೆ ಸೋಡಿಯಂ ಥಯೋಸಲ್ಫೇಟ್ ಹರಳು ಹಾಕಿ ಬಳಸಬೇಕು. ತೊಟ್ಟಿಯನ್ನು ಪೂರ್ತಿ ಖಾಲಿ ಮಾಡಿ ತಿಕ್ಕಿ ತೊಳೆಯುವ ಶಿಸ್ತು ಮೀನಿಗೆ ಮಾರಕ, ಏಕೆಂದರೆ ಅಮೋನಿಯಾವನ್ನು ಒಡೆಯುವ ಬ್ಯಾಕ್ಟೀರಿಯಾಗಳೂ ಅದರ ಜೊತೆ ಹೋಗುತ್ತವೆ. ವಾರಕ್ಕೆ ಕಾಲು ಭಾಗ ಬದಲಿಸಿದರೆ ಸಾಕು. ಮೈಮೇಲೆ ಉಪ್ಪಿನ ಕಣದಂಥ ಬಿಳಿ ಚುಕ್ಕೆ ಬಂದು ಮೀನು ಕಲ್ಲಿಗೆ ಮೈ ಉಜ್ಜಿದರೆ ಅದು ‘ಇಕ್’ ಎಂಬ ಪರೋಪಜೀವಿ. ಚಳಿಗಾಲದಲ್ಲಿ ನೀರು ಥಟ್ಟನೆ ತಣ್ಣಗಾದಾಗ ಹೆಚ್ಚು.

ಹವೆ ಮತ್ತು ಮನೆ

ಬೀದರ ಇರುವುದು ಸುಮಾರು 700 ಮೀಟರ್ ಎತ್ತರದ ಜಂಬಿಟ್ಟಿಗೆ ಕಲ್ಲಿನ ಪ್ರಸ್ಥಭೂಮಿಯ ಮೇಲೆ. ಏಪ್ರಿಲ್, ಮೇ ತಿಂಗಳಲ್ಲಿ ಹಗಲಿನ ಕಾವು 40 ಡಿಗ್ರಿ ಮುಟ್ಟುತ್ತದೆ. ಡಿಸೆಂಬರ್, ಜನವರಿಯ ರಾತ್ರಿಗಳು ಕೊರೆಯುತ್ತವೆ. ನೌಬಾದದ ನೆಲದಡಿ ಬಹಮನಿ ಕಾಲದ ಕರೇಜ್, ಅಂದರೆ ಸುರಂಗ ಬಾವಿ, ಕೊರೆದವರು ಈ ಬಿಸಿಲನ್ನು ಚೆನ್ನಾಗಿ ಬಲ್ಲವರಾಗಿದ್ದರು. ಪತ್ರಾ ಶೆಡ್ಡಿನ ಕೆಳಗೆ ಪಂಜರ ತೂಗುಹಾಕುವ ಇಂದಿನವರಿಗೆ ಆ ಅರಿವು ಬೇಕು.

ಮೊಲ ಬೆವರುವುದಿಲ್ಲ. 30 ಡಿಗ್ರಿ ದಾಟಿದರೆ ಕಿವಿಯ ರಕ್ತನಾಳದಿಂದ ಕಾವು ಕಳೆಯಲು ಹೆಣಗುತ್ತದೆ. ಪ್ಲಾಸ್ಟಿಕ್ ಬಾಟಲಿಯಲ್ಲಿ ನೀರು ತುಂಬಿ ಫ್ರಿಜ್ಜಿನಲ್ಲಿ ಗಡ್ಡೆ ಕಟ್ಟಿಸಿ, ಬಟ್ಟೆ ಸುತ್ತಿ ಗೂಡಿನಲ್ಲಿಟ್ಟರೆ ಅದಕ್ಕೊರಗಿ ಮಲಗುತ್ತದೆ. ಬಿಸಿಲುಹೊಡೆತಕ್ಕೆ ಸಿಕ್ಕು ಬಿದ್ದ ಮೊಲವನ್ನು ತಣ್ಣೀರಿನಲ್ಲಿ ಮುಳುಗಿಸಬಾರದು, ಆ ಆಘಾತಕ್ಕೇ ಹೋಗುತ್ತದೆ. ಕಿವಿಗೆ ಒದ್ದೆ ಬಟ್ಟೆ ಒತ್ತುತ್ತ ಗಾಳಿ ಬೀಸಬೇಕು. ಬಜರಿಗರ್ ಒಣನಾಡಿನ ಹಕ್ಕಿ, ಬಿಸಿಲು ತಡೆಯುತ್ತದೆ. ಆದರೂ ರೆಕ್ಕೆ ಮೈಯಿಂದ ದೂರ ಹಿಡಿದು ಬಾಯಿ ತೆರೆದು ಏದುಸಿರು ಬಿಟ್ಟರೆ ಜಾಗ ಬದಲಿಸಬೇಕು. ಕೂಲರಿನ ಎದುರಿಗೆ ಪಂಜರ ಇಡುವುದು ಪರಿಹಾರವಲ್ಲ. ಅದರ ಹುಲ್ಲಿನ ಪ್ಯಾಡು ಬೂಸ್ಟು ಹಿಡಿದಿದ್ದರೆ ಆಸ್ಪರ್ಜಿಲ್ಲಸ್ ಬೀಜಕಣಗಳು ನೇರ ಹಕ್ಕಿಯ ಗಾಳಿಚೀಲಕ್ಕೆ ಹೋಗುತ್ತವೆ.

ಹೊಸದಾಗಿ ತಂದ ಹಕ್ಕಿಯನ್ನು ಕನಿಷ್ಠ ಒಂದು ತಿಂಗಳು ಬೇರೆ ಕೋಣೆಯಲ್ಲಿಡಬೇಕು. ಸಂತೆಯಲ್ಲಿ ನೂರು ಹಕ್ಕಿಯ ನಡುವೆ ನಿಂತು ಬಂದದ್ದು ಏನನ್ನು ಹೊತ್ತು ತಂದಿದೆ ಎಂದು ಮೊದಲ ದಿನ ತಿಳಿಯುವುದಿಲ್ಲ. ಕೊಕ್ಕು ಮತ್ತು ಗರಿ ಕೆಡಿಸುವ ಸರ್ಕೋವೈರಸ್ ಒಮ್ಮೆ ಮನೆ ಹೊಕ್ಕರೆ ಮದ್ದಿಲ್ಲ.

ಮನುಷ್ಯರಿಗೆ ತಗಲುವವು

ಗಿಳಿಜಾತಿಯ ಹಕ್ಕಿಗಳ ಒಣಹಿಕ್ಕೆಯ ಧೂಳಿನಿಂದ ಕ್ಲಮೈಡಿಯಾ ಸಿಟ್ಟಸಿ ಎಂಬ ಬ್ಯಾಕ್ಟೀರಿಯಾ ಮನುಷ್ಯನ ಪುಪ್ಪುಸಕ್ಕೆ ಸೇರುತ್ತದೆ. 1929–30ರಲ್ಲಿ ದಕ್ಷಿಣ ಅಮೆರಿಕದಿಂದ ಸಾಗಿಸಿದ ಗಿಳಿಗಳ ಮೂಲಕ ಅಮೆರಿಕ, ಯುರೋಪುಗಳಲ್ಲಿ ಇದು ದೊಡ್ಡ ಪಿಡುಗಾಗಿ ಹಬ್ಬಿತ್ತು. ಜ್ವರ, ಒಣಕೆಮ್ಮು, ತಲೆನೋವಿಗೆ ಆಸ್ಪತ್ರೆಗೆ ಹೋದವರು ಮನೆಯಲ್ಲಿ ಹಕ್ಕಿಯಿದೆ ಎಂದು ವೈದ್ಯರಿಗೆ ಹೇಳಬೇಕು, ಅವರಾಗಿ ಕೇಳುವುದು ಅಪರೂಪ. ಆಮೆಯ ಮೈಮೇಲೆ, ನೀರಿನಲ್ಲಿ ಸಾಲ್ಮೊನೆಲ್ಲಾ ಇರುತ್ತದೆ. ಮಕ್ಕಳು ಬಾಯಿಗಿಟ್ಟುಕೊಳ್ಳುತ್ತಾರೆಂದು ಅಮೆರಿಕ 1975ರಲ್ಲಿ ನಾಲ್ಕು ಇಂಚಿಗಿಂತ ಚಿಕ್ಕ ಆಮೆಗಳ ಮಾರಾಟವನ್ನೇ ನಿಷೇಧಿಸಿತು. ಆಮೆಯ ತೊಟ್ಟಿಯನ್ನು ಪಾತ್ರೆ ತೊಳೆಯುವ ಮೋರಿಯಲ್ಲಿ ತೊಳೆಯಬಾರದು. ಮೊಲ, ಗಿನಿ ಪಿಗ್‌ಗಳಿಂದ ಗಜಕರ್ಣ ಹತ್ತುತ್ತದೆ.

ಕಾನೂನು

ನಮ್ಮ ಹಸಿರು ಗಿಳಿ, ಮುನಿಯಾ, ನಕ್ಷತ್ರ ಆಮೆ ಇವು ವಿದೇಶಿಯಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ಇವನ್ನು ಮನೆಯಲ್ಲಿಡುವುದು ಅಪರಾಧ. 2022ರಲ್ಲಿ ತಿದ್ದುಪಡಿಯಾಗಿ 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ಕಾಯಿದೆ, ಅಂತರರಾಷ್ಟ್ರೀಯ ಸೈಟಿಸ್ ಒಪ್ಪಂದದ ಪಟ್ಟಿಯಲ್ಲಿರುವ ವಿದೇಶಿ ಪ್ರಾಣಿಗಳನ್ನೂ ಒಳಗೆ ತಂದಿತು. 2024ರ ನಿಯಮಗಳ ಪ್ರಕಾರ ಬೂದು ಗಿಳಿ, ಸನ್ ಕನೂರ್, ಇಗ್ವಾನಾ, ಬಾಲ್ ಪೈಥಾನ್ ಸಾಕುವವರು ‘ಪರಿವೇಶ್’ ಜಾಲತಾಣದಲ್ಲಿ ನೋಂದಾಯಿಸಬೇಕು. ಮರಿಯಾದರೂ ಸತ್ತರೂ ಬೇರೆಯವರಿಗೆ ಕೊಟ್ಟರೂ ತಿಳಿಸಬೇಕು. ಬಜರಿಗರ್, ಕಾಕಟೀಲ್ ಆ ಪಟ್ಟಿಯಲ್ಲಿಲ್ಲ.

ಕಾಗದವಿಲ್ಲದ ಅಗ್ಗದ ಪ್ರಾಣಿ ಆರೋಗ್ಯದ ದೃಷ್ಟಿಯಿಂದಲೂ ಕೆಟ್ಟ ವ್ಯಾಪಾರ. 2023ರ ಆಗಸ್ಟಿನಲ್ಲಿ ಬೆಂಗಳೂರು ವಿಮಾನ ನಿಲ್ದಾಣದಲ್ಲಿ ಬ್ಯಾಂಕಾಕಿನಿಂದ ಬಂದ ಪ್ರಯಾಣಿಕನ ಪೆಟ್ಟಿಗೆಯಿಂದ 234 ಪ್ರಾಣಿಗಳನ್ನು ಕಸ್ಟಮ್ಸ್‌ನವರು ಹೊರತೆಗೆದರು. ಹೆಬ್ಬಾವು, ಊಸರವಳ್ಳಿ, ಇಗ್ವಾನಾ, ಆಮೆಗಳ ನಡುವೆ ಉಸಿರುಕಟ್ಟಿ ಸತ್ತ ಒಂದು ಕಾಂಗರೂ ಮರಿಯೂ ಇತ್ತು. ಇಂಥ ದಾರಿಯಲ್ಲಿ ಬಂದು ಬದುಕುಳಿದ ಪ್ರಾಣಿ ನೀರಿಲ್ಲದೆ ಬಳಲಿ, ಸೋಂಕು ಹೊತ್ತೇ ಮನೆ ಸೇರುತ್ತದೆ.

ಚಿಕಿತ್ಸೆ

ಭಾಲ್ಕಿ, ಔರಾದಗಳಿಂದ ಬೀದರಿಗೆ ಬಸ್ಸಿನಲ್ಲಿ ಬರುವವರು ಹಕ್ಕಿಯನ್ನು ಪಂಜರದ ಸಮೇತ ತರುವುದಕ್ಕಿಂತ ತೂತು ಮಾಡಿದ ರಟ್ಟಿನ ಡಬ್ಬಿಯಲ್ಲಿ ತರುವುದು ಕ್ಷೇಮ. ಕತ್ತಲಿದ್ದರೆ ಗಾಬರಿಯಾಗದು. ಜಬ್ಬಾದ ಹಕ್ಕಿಗೆ 30 ಡಿಗ್ರಿಯ ಆಸುಪಾಸಿನ ಬೆಚ್ಚಗೆ ಬೇಕು. ಉಗುರುಬಿಸಿ ನೀರಿನ ಬಾಟಲಿಗೆ ಬಟ್ಟೆ ಸುತ್ತಿ ಪಕ್ಕದಲ್ಲಿಟ್ಟರೆ ನಡೆಯುತ್ತದೆ. 35 ಗ್ರಾಂ ಹಕ್ಕಿಯ ಮೈಯಲ್ಲಿ ಇರುವುದೇ ಸುಮಾರು 3 ಮಿಲಿಲೀಟರ್ ರಕ್ತ. ಹೊಸ ಗರಿ ಮುರಿದು ರಕ್ತ ಜಿನುಗುತ್ತಿದ್ದರೆ ಮೆಕ್ಕೆಜೋಳದ ಹಿಟ್ಟು ಒತ್ತಿ ನಿಲ್ಲಿಸಿಯೇ ಹೊರಡಬೇಕು. ಮೊಲವನ್ನು ತರುವಾಗ ದಾರಿಗೂ ಹುಲ್ಲು ಇಡಬೇಕು. ಶಸ್ತ್ರಚಿಕಿತ್ಸೆಗೆ ಮುಂಚೆ ನಾಯಿಯನ್ನು ಉಪವಾಸ ಕೆಡಹುವಂತೆ ಮೊಲವನ್ನು ಕೆಡಹುವುದಿಲ್ಲ.

ವೈದ್ಯರ ಮುಂದೆ ಇಡಬೇಕಾದದ್ದು ಪ್ರಾಣಿ ಮಾತ್ರವಲ್ಲ, ತೂಕದ ವಹಿ, ಹಿಂದಿನ ರಾತ್ರಿಯ ಹಿಕ್ಕೆ ಬಿದ್ದ ಪೇಪರು, ಹಾಕುವ ಮೇವಿನ ಒಂದು ಹಿಡಿ, ಈಗಾಗಲೇ ಕೊಟ್ಟ ಔಷಧದ ಚೀಟಿ. ಪಂಜರದ ಮತ್ತು ಅದರ ಸುತ್ತಲಿನ ಜಾಗದ ಒಂದು ಫೋಟೊ ಮೊಬೈಲಿನಲ್ಲಿದ್ದರೆ ವೈದ್ಯರ ಅರ್ಧ ಪ್ರಶ್ನೆಗಳು ಮುಗಿಯುತ್ತವೆ. ಬೀದರಿನಲ್ಲಿ ಬಗೆಹರಿಯದ್ದಕ್ಕೆ ಹೈದರಾಬಾದು ಹತ್ತಿರ. ಬೆಂಗಳೂರಿನ ಹೆಬ್ಬಾಳದಲ್ಲಿ 1958ರಿಂದ ಇರುವ ಪಶುವೈದ್ಯಕೀಯ ಮಹಾವಿದ್ಯಾಲಯವೂ ಇದೇ ವಿಶ್ವವಿದ್ಯಾಲಯಕ್ಕೆ ಸೇರಿದ್ದು.

ಹತ್ತು ಹಕ್ಕಿಗಳಿರುವ ಪಂಜರದಲ್ಲಿ ಒಂದು ಸತ್ತರೆ ಜನ ಅದನ್ನು ಹಿತ್ತಲಲ್ಲಿ ಹೂತು ಸುಮ್ಮನಾಗುತ್ತಾರೆ. ಉಳಿದ ಒಂಬತ್ತರ ಹಿತಕ್ಕೆ ಅದನ್ನು ಶವಪರೀಕ್ಷೆಗೆ ಕೊಡುವುದೇ ಸರಿ. ಕಳೇಬರವನ್ನು ನೀರಿನಿಂದ ನೆನೆಸಿ, ಎರಡು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಮಂಜುಗಡ್ಡೆಯ ಜೊತೆ ಡಬ್ಬಿಯಲ್ಲಿಟ್ಟು ಇಪ್ಪತ್ನಾಲ್ಕು ಗಂಟೆಯೊಳಗೆ ಪಶುವೈದ್ಯಕೀಯ ಕಾಲೇಜಿಗೆ ಮುಟ್ಟಿಸಬೇಕು. ಫ್ರೀಜರಿನಲ್ಲಿ ಗಟ್ಟಿ ಮಾಡಿದರೆ ಜೀವಕೋಶಗಳು ಒಡೆದು ಪರೀಕ್ಷೆಗೆ ಉಪಯೋಗಕ್ಕೆ ಬಾರವು. ಒಟ್ಟಿಗೆ ಹಲವು ಹಕ್ಕಿಗಳು ಸತ್ತರೆ ಮುಟ್ಟದೆ ಪಶುಪಾಲನಾ ಇಲಾಖೆಗೆ ಫೋನು ಮಾಡಬೇಕು. 2020ರ ಮಾರ್ಚಿನಲ್ಲಿ ಮೈಸೂರು ಮತ್ತು ದಾವಣಗೆರೆ ಜಿಲ್ಲೆಗಳಲ್ಲಿ ಹಕ್ಕಿಜ್ವರ ಖಚಿತವಾದದ್ದು ಸತ್ತ ಹಕ್ಕಿಗಳ ಮಾದರಿ ಪ್ರಯೋಗಾಲಯ ತಲುಪಿದ್ದರಿಂದಲೇ.